ಅಜ್ಜಿಯ ಭಾನುವಾರ ಯಾವತ್ತು?

ಮಕ್ಕಳೇ, ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಶ್ನೆ ಎದ್ದಿತು. ಎಷ್ಟೋ ವರ್ಷಗಳಿಂದ ನಾನು ಜತನದಿಂದ ಕಾಪಾಡಿಕೊಂಡು ಬಂದಿದ್ದ ಒಂದು ಜಂಬ ಅದರಿಂದಾಗಿ ನೆಲಕ್ಕೆ ಬಿತ್ತು. ಪ್ರಶ್ನೆ ಕೇಳಿದವಳು ನನ್ನ ಮೊಮ್ಮಗಳು. ಐದನೇ ಕ್ಲಾಸು. ಮನೆಯಲ್ಲಿ ಅವಳಿಗೆ ಪುಟ್ಟಿ ಎಂದು ಹೆಸರು. ಈ ವಾರ ಆ ಕಥೆಯನ್ನೇ ಹೇಳುತ್ತೇನೆ. ಅಜ್ಜಂದಿರೂ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಪೆಟ್ಟು ಬೀಳುವುದು ಹೆಚ್ಚಾಗಿ ನಮಗೇ!

ನಮ್ಮದು ಮಂಗಳೂರು. ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಆ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರು ಅಚ್ಚುಕೂಟ ತೆರೆದರು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಿಮ್ಮೂರಿನ ಹಳೆಯ ಮನೆಗಳ ಮೇಲೆ ಕೆಂಪು ಮಂಗಳೂರು ಹಂಚು ನೋಡಿದ್ದೀರಲ್ಲ, ಅದರ ಕಥೆ ಅಲ್ಲಿಂದ ಶುರು. ನನ್ನ ತಾತ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದರು. ನಾನು ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಾಗಿದ್ದೆ. ಈಗಿನ ಹಾಗೆ ಕಂಪ್ಯೂಟರು ಇಲ್ಲದ ಕಾಲ. ಸೀಸದ ಒಂದೊಂದೇ ಅಕ್ಷರವನ್ನು ಕೈಯಿಂದ ಹೆಕ್ಕಿ ಸಾಲು ಮಾಡಬೇಕಿತ್ತು.

ಭಾನುವಾರಕ್ಕೆ ನಮ್ಮ ಮನೆಯಲ್ಲಿ ಆದಿತ್ಯವಾರ ಎಂದೇ ಹೇಳುವುದು. ಅದು ವಿಶ್ರಾಂತಿಯ ದಿನ, ದೇವರಿಗೆ ಮೀಸಲು. ನಾನು ಅದನ್ನು ಬಹಳ ಬಿಗಿಯಾಗಿ ಆಚರಿಸುತ್ತಿದ್ದೆ. ಮದುವೆ ಕಾಗದ, ಚುನಾವಣೆಯ ಕರಪತ್ರ ಎಂದು ಕೆಲಸ ಮುಗಿಬಿದ್ದಾಗ ಯಜಮಾನರು, ಆದಿತ್ಯವಾರ ಬಾ, ಎರಡು ಪಟ್ಟು ಕೂಲಿ ಕೊಡುತ್ತೇನೆ ಎನ್ನುತ್ತಿದ್ದರು. ನಾನು ಒಮ್ಮೆಯೂ ಹೋದವನಲ್ಲ. ಆ ದಿನ ಅಂಗಡಿಗೆ ಹೋಗುತ್ತಿರಲಿಲ್ಲ. ಪೇಪರು ಕೂಡ ಸಂಜೆಯವರೆಗೆ ಮಡಿಸಿದಂತೆಯೇ ಇರುತ್ತಿತ್ತು. ಬೆಳಿಗ್ಗೆ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಚರ್ಚಿಗೆ ಹೋಗುವುದು. ಬಂದು ಊಟ, ಆರಾಮ ಕುರ್ಚಿಯಲ್ಲಿ ನಿದ್ದೆ. ಸಂಜೆ ಯಾರಾದರೂ ಕಾಯಿಲೆಯವರನ್ನು ನೋಡಿಕೊಂಡು ಬರುವುದು. ಇದು ನನ್ನ ಕ್ರಮ. ಇದೇ ನನ್ನ ಜಂಬ.

ಪುಟ್ಟಿಯ ಆದಿತ್ಯವಾರ ಹೇಗಿತ್ತು ಗೊತ್ತೇ? ಬೆಳಿಗ್ಗೆ ಆರೂವರೆಗೆ ಈಜು. ಎಂಟಕ್ಕೆ ಸಂಡೇ ಸ್ಕೂಲು. ಹನ್ನೊಂದಕ್ಕೆ ಅಬಾಕಸ್. ಮೂರು ಗಂಟೆಗೆ ಟ್ಯೂಶನ್ನಿನಲ್ಲಿ ವಾರದ ಪರೀಕ್ಷೆ. ಅವಳಪ್ಪ, ಅಂದರೆ ನನ್ನ ಮಗ, ಊಟದ ಮೇಜಿನಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಆಫೀಸಿನ ಮೆಸೇಜು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಯಾವ ವಾರ ಹೇಗೋ ಹೇಳಲಾಗದು. ಇದನ್ನೆಲ್ಲ ನೋಡಿ ನಾನು ಕುರ್ಚಿಯಲ್ಲಿ ಒರಗಿಕೊಂಡು ಉಪದೇಶ ಕೊಡುತ್ತಿದ್ದೆ. “ನಮ್ಮ ಕಾಲದಲ್ಲಿ ಆದಿತ್ಯವಾರ ಅಂದರೆ ಆದಿತ್ಯವಾರ. ನಿಮಗೆ ನಿಲ್ಲುವುದೇ ಗೊತ್ತಿಲ್ಲ.”

ಹೀಗಿರುವಾಗ ಒಂದು ಶನಿವಾರ ಸಂಜೆ ಪುಟ್ಟಿ ಬೈಬಲ್ ಹಿಡಿದು ಬಂದಳು. ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆಗಳ ಪಾಠ. ಅದರಲ್ಲಿ ಸಬ್ಬತ್ ದಿನದ ಆಜ್ಞೆಯನ್ನು ಬಾಯಿಪಾಠ ಮಾಡಬೇಕಿತ್ತು. ನಮ್ಮ ಎಣಿಕೆಯಲ್ಲಿ ಅದು ನಾಲ್ಕನೆಯದು, ಕಥೊಲಿಕರ ಎಣಿಕೆಯಲ್ಲಿ ಮೂರನೆಯದು.

“ಅಜ್ಜಾ, ಸಬ್ಬತ್ ಅಂದರೆ ಏನು?”

ನನಗೆ ಬೇಕಾದದ್ದೂ ಇಂಥ ಪ್ರಶ್ನೆಯೇ. ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದೆ. ನಿಮಗೂ ಸ್ವಲ್ಪ ಹೇಳುತ್ತೇನೆ, ಕೇಳಿ.

ಸಬ್ಬತ್ ಎಂಬುದು ಹೀಬ್ರೂ ಭಾಷೆಯಿಂದ ಬಂದ ಮಾತು. ಅದರ ಮೂಲ ಅರ್ಥ ‘ನಿಲ್ಲಿಸುವುದು’. ಯೆಹೂದ್ಯರು ವಾರದ ಏಳನೆಯ ದಿನವಾದ ಶನಿವಾರವನ್ನು ಸಬ್ಬತ್ ಎಂದು ಆಚರಿಸುತ್ತಾರೆ. ಅವರ ದಿನ ಶುರುವಾಗುವುದು ಸಂಜೆಗೆ. ಹಾಗಾಗಿ ಶುಕ್ರವಾರ ಸೂರ್ಯ ಮುಳುಗುವಾಗಲೇ ದೀಪ ಹಚ್ಚಿ ಸಬ್ಬತ್ತನ್ನು ಬರಮಾಡಿಕೊಳ್ಳುತ್ತಾರೆ. ಯೇಸು ಮರಣದಿಂದ ಎದ್ದು ಬಂದದ್ದು ವಾರದ ಮೊದಲ ದಿನ, ಆದಿತ್ಯವಾರ. ಆದ್ದರಿಂದ ಹೆಚ್ಚಿನ ಕ್ರೈಸ್ತರು ಆ ದಿನ ಕೂಡಿ ಆರಾಧಿಸುತ್ತಾರೆ. ಶನಿವಾರವನ್ನೇ ಪಾಲಿಸುವ ಕ್ರೈಸ್ತ ಸಭೆಗಳೂ ಇವೆ. ಕ್ರಿ.ಶ. 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಆದಿತ್ಯವಾರ ಪಟ್ಟಣಗಳಲ್ಲಿ ಕೆಲಸ ನಿಲ್ಲಿಸಬೇಕೆಂದು ಕಾನೂನು ಮಾಡಿದ. ರೈತರಿಗೆ ಮಾತ್ರ ವಿನಾಯಿತಿ ಕೊಟ್ಟ. ಬಿತ್ತನೆಯ ಹದ ತಪ್ಪಿದರೆ ಮುಂದಿನ ವಾರ ಸಿಗುವುದಿಲ್ಲವಲ್ಲ!

ಪುಟ್ಟಿಗೆ ಇಷ್ಟು ಹೇಳಿ ಬಿಟ್ಟಿದ್ದರೆ ನನ್ನ ಜಂಬ ಉಳಿಯುತ್ತಿತ್ತು. ಆದರೆ ತಿಳಿವಳಿಕೆ ತೋರಿಸುವ ಚಪಲ. “ಈ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಇದೆ, ನೋಡು” ಎಂದು ಪುಟ ತಿರುಗಿಸಿದೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ನಿಲ್ಲಿಸಿದ, ಆದ್ದರಿಂದ ನೀವೂ ನಿಲ್ಲಿಸಿ ಎಂದಿದೆ. ಧರ್ಮೋಪದೇಶಕಾಂಡದಲ್ಲಿ ಕಾರಣವೇ ಬೇರೆ. ಐಗುಪ್ತದಲ್ಲಿ ನೀವು ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿ ಎಂದಿದೆ. ಇಸ್ರಾಯೇಲ್ಯರು ಅಲ್ಲಿ ಇಟ್ಟಿಗೆ ಮಾಡುತ್ತಿದ್ದವರು. ರಜೆ ಕೇಳಿದ್ದಕ್ಕೆ ರಾಜ ಸಿಟ್ಟಾಗಿ, ಮಣ್ಣಿಗೆ ಬೆರೆಸುವ ಹುಲ್ಲನ್ನು ಕೊಡುವುದನ್ನೇ ನಿಲ್ಲಿಸಿದ. ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಎಂದ. ಮಣ್ಣು ತುಳಿದವರ ಕಷ್ಟ ನಮ್ಮ ತಾತನಿಗೂ ಗೊತ್ತಿತ್ತು. ಈ ಭಾಗ ಓದುವಾಗ ಅವರ ದನಿ ಮೆತ್ತಗಾಗುತ್ತಿತ್ತಂತೆ.

ಹಾಗೆ ದುಡಿದು ಬಂದವರು ಈಗ ತಾವೇ ಯಜಮಾನರಾದಾಗ ಯಾರು ಯಾರಿಗೆ ವಿಶ್ರಾಂತಿ ಕೊಡಬೇಕು ಎಂಬ ಪಟ್ಟಿ ಅಲ್ಲಿದೆ. ಪುಟ್ಟಿ ಬೆರಳು ಮಡಚಿ ಎಣಿಸತೊಡಗಿದಳು. ನೀನು. ನಿನ್ನ ಮಗ. ಮಗಳು. ಮನೆಯ ಆಳು. ಕೆಲಸದ ಹೆಂಗಸು. ಎತ್ತು. ಕತ್ತೆ. ಉಳಿದ ದನಕರು. ಮನೆಯಲ್ಲಿರುವ ಪರವೂರಿನವನು.

“ಎತ್ತಿಗೂ ರಜೆಯಾ ಅಜ್ಜಾ?” ಎಂದು ಕಣ್ಣರಳಿಸಿದಳು.

“ಏಕೆ, ನಮ್ಮ ನಾಡಿನಲ್ಲೂ ಇದೆಯಲ್ಲ” ಎಂದೆ. ಉತ್ತರ ಕರ್ನಾಟಕದ ಕಡೆ ಸೋಮವಾರ ಬಸವಣ್ಣನ ದಿನವೆಂದು ರೈತರು ಎತ್ತಿಗೆ ನೊಗ ಹೂಡುವುದಿಲ್ಲ. ನಮ್ಮ ತುಳುನಾಡಿನಲ್ಲಿ ಫೆಬ್ರುವರಿಯಲ್ಲಿ ಕೆಡ್ಡಸ ಬರುತ್ತದೆ. ಮೂರು ದಿನ ಭೂಮಿತಾಯಿಗೆ ವಿಶ್ರಾಂತಿ. ಆಗ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ. ಬೈಬಲಿನಲ್ಲೂ ಹೊಲಕ್ಕೆ ಏಳು ವರ್ಷಕ್ಕೊಮ್ಮೆ ಸಬ್ಬತ್ ಕೊಡಬೇಕೆಂದಿದೆ. ಆ ವರ್ಷ ತಾನಾಗಿ ಬೆಳೆದದ್ದನ್ನು ಬಡವರೂ ಕಾಡುಪ್ರಾಣಿಗಳೂ ತಿನ್ನಬಹುದು. ನೆಲಕ್ಕೂ ದನಕ್ಕೂ ದಣಿವಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಯಾವ ಧರ್ಮದವರಾದರೂ ಕಂಡುಕೊಂಡಿದ್ದರು.

ಪುಟ್ಟಿ ಮತ್ತೊಮ್ಮೆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿದಳು. ಆಮೇಲೆ ಕೇಳಿದಳು.

“ಅಜ್ಜಾ, ಕತ್ತೆ ಇದೆ. ಅಜ್ಜಿ ಎಲ್ಲಿ?”

ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ಎಪ್ಪತ್ತು ದಾಟಿದ ಪ್ರಾಯ. ಆ ಪಟ್ಟಿಯನ್ನು ಎಷ್ಟು ನೂರು ಸಲ ಓದಿದ್ದೇನೋ! ಮನೆಯ ಹೆಂಡತಿಯ ಹೆಸರು ಅದರಲ್ಲಿ ಇಲ್ಲ ಎಂಬುದು ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ನೀನು ಅಂದರೆ ಗಂಡ ಹೆಂಡತಿ ಇಬ್ಬರೂ ಬಂದ ಹಾಗೆ ಕಣೇ. ದೊಡ್ಡ ದೊಡ್ಡ ಪಂಡಿತರು ಹಾಗೇ ಅರ್ಥ ಹೇಳುತ್ತಾರೆ” ಎಂದೆ. ಅದು ನಿಜವೂ ಹೌದು.

“ಹಾಗಾದರೆ ಅಜ್ಜಿಯ ಭಾನುವಾರ ಯಾವತ್ತು?”

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಅದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಒಳಗಿನಿಂದ ಮಾತಿಲ್ಲ. ನನ್ನ ಬಾಯಿಂದಲೂ ಮಾತಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಹೆಂಡತಿಯ ಆದಿತ್ಯವಾರವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು. ಎಲ್ಲರಿಗೂ ತಿಂಡಿ. ನನ್ನ ಬಿಳಿ ಪಂಚೆಗೆ ಇಸ್ತ್ರಿ. ಚರ್ಚಿನಿಂದ ಬಂದ ಕೂಡಲೇ ಕೋಳಿ ಸಾರು, ಏಕೆಂದರೆ ಆದಿತ್ಯವಾರ ವಿಶೇಷ ಅಡುಗೆ ಆಗಲೇಬೇಕು. ಜೊತೆಗೆ ನಾನು ಚರ್ಚಿನಿಂದ ಕರೆದುಕೊಂಡು ಬರುವ ಇಬ್ಬರು ಮೂವರು ನೆಂಟರು. ನಾನು ಕುರ್ಚಿಯಲ್ಲಿ ಗೊರಕೆ ಹೊಡೆಯುವಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಉಳಿದ ಆರು ದಿನಗಳಿಗಿಂತ ಹೆಚ್ಚು ಕೆಲಸ ಈ ಒಂದು ದಿನವೇ. ನನ್ನ ವಿಶ್ರಾಂತಿಯ ಬೆಲೆಯನ್ನು ಬೇರೊಬ್ಬರು ಕೊಡುತ್ತಿದ್ದರು.

ಬೆಳಿಗ್ಗೆ ಕಾಫಿ ಕೊಡುವಾಗ ಮೆಲ್ಲಗೆ ಕೇಳಿದೆ. “ಪುಟ್ಟಿ ನಿನ್ನೆ ಕೇಳಿದ್ದು ನಿನಗೆ ಬೇಸರವಾಯಿತಾ?”

“ಬೇಸರ ಏನು? ಮಗು ಕೇಳಿತು” ಎಂದಳು. ಸ್ವಲ್ಪ ತಡೆದು, “ಒಂದು ಕೇಳುವುದಿತ್ತು. ಹೊಸ ಸಭಾಪಾಲಕರು ಕೊನೆಯ ಆಶೀರ್ವಾದ ಕೊಡುವಾಗ ಎರಡೂ ಕೈ ಎತ್ತುತ್ತಾರಾ? ಹಳಬರು ಎತ್ತುತ್ತಿದ್ದರು” ಎಂದಳು.

ನನಗೆ ಅರ್ಥವಾಗಲಿಲ್ಲ. “ನೀನೂ ಬರುತ್ತೀಯಲ್ಲ?”

“ಕೊನೆಯ ಸಂಗೀತ ಶುರುವಾಗುವಾಗ ನಾನು ಎದ್ದು ಬರುತ್ತೇನಲ್ಲ. ಒಲೆ ಹಚ್ಚಬೇಡವೇ?”

ಮಕ್ಕಳೇ, ನಮ್ಮ ಚರ್ಚಿನಲ್ಲಿ ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಕೂರುವುದು ಹಳೆಯ ರೂಢಿ. ಆರಾಧನೆ ಮುಗಿದ ಮೇಲೆ ನಾನು ಅಂಗಳದಲ್ಲಿ ನಿಂತು ನಾಲ್ಕು ಮಾತಾಡಿ ಬರುವಷ್ಟರಲ್ಲಿ ಇವಳು ಅಡುಗೆಮನೆಯಲ್ಲಿ ಇರುತ್ತಿದ್ದಳು. ಬೇಗ ಬೇಗ ನಡೆಯುತ್ತಾಳೆ ಎಂದುಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷ ಅವಳು ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

ಆ ಆದಿತ್ಯವಾರ ಅಡುಗೆ ಬೇಡ ಎಂದು ನಾನು ಘೋಷಣೆ ಮಾಡಿದೆ. ಮಗ ಮೊಬೈಲಿನಲ್ಲಿ ಬಿರಿಯಾನಿ ಆರ್ಡರು ಮಾಡಿದ. ಮಳೆ ಇನ್ನೂ ಬಿಟ್ಟಿರಲಿಲ್ಲ. ಒಂದು ಗಂಟೆಗೆ ಗೇಟಿನ ಹತ್ತಿರ ಸ್ಕೂಟರು ನಿಂತಿತು. ತಲೆಯಿಂದ ಕಾಲಿನವರೆಗೆ ನೆನೆದ ಒಬ್ಬ ಹುಡುಗ ಪೊಟ್ಟಣವನ್ನು ಮಾತ್ರ ಒಣಗಿದಂತೆಯೇ ಕೈಗೆ ಕೊಟ್ಟ. ಪುಟ್ಟಿ ಬಾಗಿಲಲ್ಲಿ ನಿಂತು ಕೇಳಿದಳು, “ಅಣ್ಣಾ, ನಿಮಗೆ ರಜೆ ಯಾವತ್ತು?”

ಅವನು ನಕ್ಕ. “ಆದಿತ್ಯವಾರ ಆರ್ಡರು ಜಾಸ್ತಿ ಪುಟ್ಟಾ. ಇವತ್ತು ರಜೆ ಮಾಡಿದರೆ ನಮಗೆ ನಷ್ಟ.” ಒಂದು ಲೋಟ ನೀರು ಕುಡಿದು ಹೊರಟುಹೋದ.

ಊಟಕ್ಕೆ ಕೂತಾಗ ಪುಟ್ಟಿ ಬೆರಳು ಮಡಚುತ್ತಿದ್ದಳು. ಅವಳು ಏನು ಎಣಿಸುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಪಟ್ಟಿಯ ಕೊನೆಯಲ್ಲಿ ಆ ಪರವೂರಿನವನು ಇದ್ದಾನಲ್ಲ. ತರಿಸಿ ತಿನ್ನುವುದು ಪಾಪ ಎಂದು ನಾನು ಹೇಳುವುದಿಲ್ಲ. ಆ ಹುಡುಗನಿಗೂ ದುಡಿಮೆ ಬೇಕು. ಆದರೆ ಅಜ್ಜಿಯ ಬೆನ್ನಿನ ಮೇಲಿದ್ದ ಮೂಟೆಯನ್ನು ಇಳಿಸಿ ಅವನ ಬೆನ್ನಿಗೆ ಹಾಕಿ, ನೋಡಿ, ಮನೆಯಲ್ಲಿ ವಿಶ್ರಾಂತಿ ಬಂತು ಎಂದು ಹೇಳಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ.

“ಎಲ್ಲರಿಗೂ ಭಾನುವಾರ ರಜೆ ಅಂತ ಮಾಡಿದ್ದು ಯಾರು ಅಜ್ಜಾ?” ಎಂದು ಸಂಜೆ ಕೇಳಿದಳು. ಇಂಗ್ಲಿಷರು ಕೊಟ್ಟರು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಕಚೇರಿಗಳಿಗೆ ಅವರು ಕೊಟ್ಟದ್ದು ಹೌದು. ಆದರೆ ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಗಳಿಗೆ ಅದು ಸುಮ್ಮನೆ ಸಿಗಲಿಲ್ಲ. ಜೋತಿಬಾ ಫುಲೆಯವರ ಜೊತೆಗಾರರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆ ಎಂಬವರು 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಸೇರಿಸಿದರು. ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಒಂದು ಮನವಿಗೆ ಸಹಿ ಹಾಕಿದರು. ವಾರಕ್ಕೊಂದು ದಿನ, ಭಾನುವಾರ, ರಜೆ ಬೇಕು. ಮಧ್ಯಾಹ್ನ ಉಣ್ಣಲು ಅರ್ಧ ಗಂಟೆ ಬೇಕು. ಕೇಳಿದ್ದು ಇಂಥವನ್ನು. ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರಲ್ಲಿ. ಭಾನುವಾರ ಮಹಾರಾಷ್ಟ್ರದ ಖಂಡೋಬಾ ದೇವರ ದಿನ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಹೀಗೆ ಕ್ರೈಸ್ತರ ಪ್ರಾರ್ಥನೆಯ ದಿನವೂ ಖಂಡೋಬಾ ಭಕ್ತರ ದಿನವೂ ದಣಿದ ಕೂಲಿಯವನ ರಜೆಯ ದಿನವೂ ಒಂದೇ ಆಯಿತು. ಲೋಖಂಡೆಯವರ ನೆನಪಿಗೆ ನಮ್ಮ ಸರಕಾರ 2005ರಲ್ಲಿ ಅಂಚೆಚೀಟಿ ಹೊರಡಿಸಿದೆ. ನಿಮ್ಮಲ್ಲಿ ಯಾರಾದರೂ ಅಂಚೆಚೀಟಿ ಸಂಗ್ರಹಿಸುವವರಿದ್ದರೆ ಹುಡುಕಿ ನೋಡಿ.

ಸರಿ, ನಮ್ಮ ಮನೆಯ ಕಥೆಗೆ ಬರೋಣ. ಹೊರಗಿನಿಂದ ತರಿಸುವುದು ಬೇಡ, ಅಜ್ಜಿ ಮಾಡುವುದೂ ಬೇಡ ಎಂದರೆ ಉಣ್ಣುವುದೇನು? ಉತ್ತರ ಮತ್ತೆ ಬೈಬಲಿನಲ್ಲೇ ಸಿಕ್ಕಿತು. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಮನ್ನ ಎಂಬ ಆಹಾರ ಪ್ರತಿದಿನ ಬೆಳಿಗ್ಗೆ ನೆಲದ ಮೇಲೆ ಸಿಗುತ್ತಿತ್ತು. ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ಆಸೆಪಟ್ಟು ನಾಳೆಗೆ ಇಟ್ಟರೆ ಹುಳ ಬೀಳುತ್ತಿತ್ತು. ಆರನೆಯ ದಿನ ಮಾತ್ರ ಎರಡು ಪಟ್ಟು ಸಿಗುತ್ತಿತ್ತು. ಅದನ್ನು ಏಳನೆಯ ದಿನಕ್ಕೆ ಇಟ್ಟರೂ ಕೆಡುತ್ತಿರಲಿಲ್ಲ.

ಇದನ್ನು ಕೇಳಿ ನನ್ನ ಹೆಂಡತಿ ಮೊದಲ ಬಾರಿ ಬಾಯಿಬಿಟ್ಟು ನಕ್ಕಳು. “ಮೀನು ಸಾರಿನ ಹಾಗೆ!” ಎಂದಳು. ಮಂಗಳೂರಿನವರಿಗೆ ಗೊತ್ತು, ಇವತ್ತಿನ ಮೀನು ಸಾರಿಗಿಂತ ನಿನ್ನೆಯ ಮೀನು ಸಾರು ರುಚಿ. ಹುಳಿ, ಖಾರ, ಉಪ್ಪು ಒಂದಕ್ಕೊಂದು ಹೊಂದಿಕೊಳ್ಳಲು ಅದಕ್ಕೂ ಒಂದು ರಾತ್ರಿಯ ಬಿಡುವು ಬೇಕು.

ಹೀಗೆ ನಮ್ಮ ಮನೆಯ ಕ್ರಮ ಬದಲಾಯಿತು. ಶನಿವಾರ ಸಂಜೆ ಎಲ್ಲರಿಗೂ ಅಡುಗೆಮನೆಯಲ್ಲಿ ಡ್ಯೂಟಿ. ಮಗ ಬಂಗುಡೆ ಶುಚಿ ಮಾಡುತ್ತಾನೆ. ಪುಟ್ಟಿ ಬೆಳ್ಳುಳ್ಳಿ ಸುಲಿಯುತ್ತಾಳೆ. ನನ್ನ ಪಾಲಿಗೆ ತೆಂಗಿನಕಾಯಿ. ಆದಿತ್ಯವಾರ ಊಟಕ್ಕೆ ಗಂಜಿ, ನಿನ್ನೆಯ ಮೀನು ಸಾರು, ಉಪ್ಪಿನಕಾಯಿ. ನೆಂಟರು ಬಂದರೆ ಅವರಿಗೂ ಅದೇ. ಒಬ್ಬ ಹಳೆಯ ಸ್ನೇಹಿತರು ಕೋಳಿ ಇಲ್ಲವೇ ಎಂಬಂತೆ ಪಾತ್ರೆಯ ಕಡೆ ನೋಡಿದರು. ಕಥೆ ಕೇಳಿದ ಮೇಲೆ ಎರಡನೆಯ ಸಲ ಗಂಜಿ ಹಾಕಿಸಿಕೊಂಡರು.

ಆ ಮೊದಲ ಆದಿತ್ಯವಾರ ಕೊನೆಯ ಸಂಗೀತ ಹಾಡುವಾಗ ನಾನು ಪುಸ್ತಕ ನೋಡಲಿಲ್ಲ. ಹೆಂಗಸರ ಸಾಲಿನ ಕಡೆ ನೋಡುತ್ತಿದ್ದೆ. ಅವಳು ಎದ್ದು ನಿಂತಳು. ಅಭ್ಯಾಸ ನೋಡಿ, ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಬಾಗಿಲಿನ ಕಡೆ ಇಟ್ಟೇಬಿಟ್ಟಳು. ಆಮೇಲೆ ನೆನಪಾಗಿ ನಿಂತಳು. ಸಭಾಪಾಲಕರು ಎರಡೂ ಕೈ ಎತ್ತಿದರು. ಆಶೀರ್ವಾದಕ್ಕೆ ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸುತ್ತಾರೆ. ಅವಳು ಮಾತ್ರ ಕಣ್ಣು ತೆರೆದು ಆ ಕೈಗಳನ್ನೇ ನೋಡುತ್ತಿದ್ದಳು. ನಾನೂ ಕಣ್ಣು ಮುಚ್ಚಲಿಲ್ಲ. ದೇವರು ಕ್ಷಮಿಸಿಯಾನು.

ಮನೆಗೆ ಬಂದ ಮೇಲೆ ಅವಳಿಗೆ ಸುಮ್ಮನೆ ಕೂರಲು ಆಗಲಿಲ್ಲ. ಮೂರು ಸಲ ಎದ್ದಳು. ಹಾಲು ಉಕ್ಕಿತೋ ಎಂದು ಒಮ್ಮೆ, ಬಟ್ಟೆ ಒಣಗಿತೋ ಎಂದು ಇನ್ನೊಮ್ಮೆ, ಕಾರಣವೇ ಇಲ್ಲದೆ ಮತ್ತೊಮ್ಮೆ. ಪುಟ್ಟಿ ಕ್ರಿಕೆಟ್ ಬ್ಯಾಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಕಾವಲು ನಿಂತಳು. “ಕೈ ಏನು ಮಾಡಬೇಕೋ ಗೊತ್ತಾಗುವುದಿಲ್ಲ ಮಾರಾಯ್ತಿ” ಎಂದಳು ಅಜ್ಜಿ. ವಿಶ್ರಾಂತಿಯನ್ನೂ ಕಲಿಯಬೇಕು ಮಕ್ಕಳೇ. ಎಷ್ಟೋ ವರ್ಷ ನಿಲ್ಲದವರಿಗೆ ನಿಲ್ಲುವುದು ಸುಲಭವಲ್ಲ. ಮೂರು ಗಂಟೆಗೆ ನನ್ನ ಆರಾಮ ಕುರ್ಚಿಯಲ್ಲಿ ಅವಳಿಗೆ ನಿದ್ದೆ ಬಂತು. ನಾನು ಪಾತ್ರೆ ತೊಳೆದೆ. ಒಂದು ಗಾಜಿನ ಲೋಟ ಒಡೆಯಿತು. ಅವಳಿಗೆ ಎಚ್ಚರವಾಗಲಿಲ್ಲ.

ಆದಿತ್ಯವಾರ ಮೊಬೈಲುಗಳೆಲ್ಲ ಅಕ್ಕಿ ಡಬ್ಬಿಯ ಮೇಲಿನ ಬುಟ್ಟಿಗೆ ಹೋಗುತ್ತವೆ. ಸೊಸೆಯದು ಮಾತ್ರ ಹೊರಗೆ. ಆಸ್ಪತ್ರೆಯಿಂದ ಯಾವಾಗ ಕರೆ ಬರುತ್ತದೋ ಹೇಳಲಾಗದು. ಯೇಸುವೂ ಸಬ್ಬತ್ ದಿನವೇ ರೋಗಿಗಳನ್ನು ಗುಣಪಡಿಸಿದ. ತಪ್ಪು ಹುಡುಕಲು ಬಂದವರಿಗೆ, ನಿಮ್ಮ ಎತ್ತು ಬಾವಿಗೆ ಬಿದ್ದರೆ ಸಬ್ಬತ್ ಎಂದು ಸುಮ್ಮನಿರುತ್ತೀರಾ ಎಂಬ ಅರ್ಥದಲ್ಲಿ ಕೇಳಿದ. ಆದ್ದರಿಂದ ನಮ್ಮ ಸೊಸೆಗೆ ರಜೆ ಸಿಗುವ ದಿನವೇ ಅವಳ ಆದಿತ್ಯವಾರ. ಈಗ ಹೆಚ್ಚಾಗಿ ಅದು ಬುಧವಾರ ಬರುತ್ತದೆ. ಆ ದಿನ ಯಾರೂ ಅವಳನ್ನು ಎಬ್ಬಿಸುವಂತಿಲ್ಲ. ಚಹಾ ನಾನು ಮಾಡುತ್ತೇನೆ. ಸಕ್ಕರೆ ಸ್ವಲ್ಪ ಹೆಚ್ಚಾಗುತ್ತದೆಯಂತೆ.

ಇನ್ನು ಪುಟ್ಟಿಯದು. ಸೀಸದ ಮೊಳೆ ಜೋಡಿಸುವಾಗ ಎರಡು ಪದಗಳ ನಡುವೆ ಅಕ್ಷರವಿಲ್ಲದ ಖಾಲಿ ಮೊಳೆಯೊಂದನ್ನು ಇಡಬೇಕಿತ್ತು. ಕಾಗದದ ಮೇಲೆ ಅದು ಮೂಡುವುದಿಲ್ಲ. ಆದರೆ ಅದನ್ನು ಮರೆತರೆ ಸಾಲು ಓದಲು ಬರುವುದಿಲ್ಲ, ಪದಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಪುಟ್ಟಿಯ ವಾರದ ವೇಳಾಪಟ್ಟಿ ಹಾಗೇ ಇತ್ತು, ಒಂದೂ ಖಾಲಿ ಮೊಳೆ ಇಲ್ಲದ ಸಾಲು. ಎಲ್ಲರೂ ಕೂತು ಮಾತಾಡಿದೆವು. ಈಜು ಇರಲಿ, ಅದು ನನಗೆ ಕೆಲಸವಲ್ಲ, ಆಟ ಎಂದಳು. ಅಬಾಕಸನ್ನು ಗುರುವಾರಕ್ಕೆ ಹಾಕಿಸಿಕೊಂಡೆವು. ಆದಿತ್ಯವಾರದ ಪರೀಕ್ಷೆಯನ್ನು ಬೇರೆ ದಿನ ಕೊಡಲು ಟ್ಯೂಶನ್ನಿನವರು ಒಪ್ಪಲಿಲ್ಲ. ಅದನ್ನು ಬಿಡಿಸಿದೆವು. ಈ ಸಲದ ಗಣಿತದಲ್ಲಿ ಅವಳಿಗೆ ಆರು ಅಂಕ ಕಡಿಮೆ ಬಂತು. ಮಗನ ಮುಖ ಬಾಡಿತು. ನಾನೂ ಒಳಗೊಳಗೆ ಹೆದರಿದೆ.

ಆಗ ಪುಟ್ಟಿಯೇ, “ಅಜ್ಜಾ, ಆ ಓಟಗಾರನ ಕಥೆ ಹೇಳು” ಎಂದಳು. ಸಂಡೇ ಸ್ಕೂಲಿನಲ್ಲಿ ನಾನು ಪ್ರತಿ ವರ್ಷ ಹೇಳುವ ಕಥೆ ಅದು. ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಆದಿತ್ಯವಾರ ಬಿತ್ತು. ಆ ದಿನ ಓಡುವುದಿಲ್ಲ ಎಂದು ಅವನು ಆ ಸ್ಪರ್ಧೆಯನ್ನೇ ಬಿಟ್ಟ. ಬದಲಿಗೆ 400 ಮೀಟರ್ ಓಡಿದ. 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದ. ನೋಡಿ ಮಕ್ಕಳೇ, ದೇವರ ದಿನವನ್ನು ಗೌರವಿಸಿದರೆ ಚಿನ್ನ ಸಿಗುತ್ತದೆ ಎಂದು ನಾನು ಕಥೆ ಮುಗಿಸುತ್ತಿದ್ದೆ.

“ಚಿನ್ನ ಸಿಗದೆ ಆರು ಅಂಕ ಕಡಿಮೆ ಬಂದಿದ್ದರೆ?” ಎಂದಳು ಪುಟ್ಟಿ.

ಆ ಕಥೆಗೆ ಇನ್ನೊಂದು ಅರ್ಧ ಇದೆ. ನನಗೆ ಗೊತ್ತಿತ್ತು, ಆದರೆ ಹೇಳುತ್ತಿರಲಿಲ್ಲ. ಅವತ್ತು ಹೇಳಿದೆ. ಗೆದ್ದ ಮರುವರ್ಷವೇ ಲಿಡೆಲ್ ತಾನು ಹುಟ್ಟಿದ ಚೀನಾ ದೇಶಕ್ಕೆ ಶಿಕ್ಷಕನಾಗಿ, ಮಿಷನರಿಯಾಗಿ ಹೋದ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಜಪಾನಿನವರು ಅವನನ್ನು ವೈಶೀನ್ ಎಂಬಲ್ಲಿಯ ಸೆರೆಶಿಬಿರಕ್ಕೆ ಹಾಕಿದರು. ಅಲ್ಲಿ ಅಪ್ಪ ಅಮ್ಮಂದಿರಿಂದ ದೂರವಾದ ಶಾಲಾಮಕ್ಕಳೂ ಇದ್ದರು. ಅವರಿಗೆ ಲಿಡೆಲ್ ‘ಎರಿಕ್ ಮಾವ’. ಆಟ ಆಡಿಸುವವನು ಅವನೇ. ಆದರೆ ಆದಿತ್ಯವಾರ ಆಡಿಸುತ್ತಿರಲಿಲ್ಲ. ಒಂದು ಆದಿತ್ಯವಾರ ಮಕ್ಕಳು ತಾವಾಗಿಯೇ ಹಾಕಿ ಆಡಲು ಹೋದರು. ರೆಫರಿ ಇಲ್ಲದೆ ಜಗಳವಾಗಿ ಹೊಡೆದಾಟವಾಯಿತು. ಲಿಡೆಲ್ ಯೋಚನೆ ಮಾಡಿದ. ಮುಂದಿನ ಆದಿತ್ಯವಾರ ಮೈದಾನಕ್ಕೆ ಹೋಗಿ ತಾನೇ ರೆಫರಿಯಾಗಿ ನಿಂತ. ಒಲಿಂಪಿಕ್ಸಿಗಾಗಿ ಮುರಿಯದ ನಿಯಮವನ್ನು ಮನೆಯಿಂದ ದೂರವಿದ್ದ ಆ ಮಕ್ಕಳಿಗಾಗಿ ಸಡಿಲಿಸಿದ. 1945ರ ಫೆಬ್ರುವರಿಯಲ್ಲಿ ಮೆದುಳಿನ ಗಡ್ಡೆಯಿಂದ ಆ ಶಿಬಿರದಲ್ಲೇ ತೀರಿಕೊಂಡ.

ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. “ನನಗೆ ಈ ಅರ್ಧವೇ ಇಷ್ಟ” ಎಂದಳು. ನನಗೂ ಈಗ ಇದೇ ಇಷ್ಟ. ಸಬ್ಬತ್ ಇರುವುದು ಮನುಷ್ಯರಿಗಾಗಿ ಎಂದು ಯೇಸು ಹೇಳಿದ್ದನ್ನು ಆ ಓಟಗಾರ ಅರ್ಥ ಮಾಡಿಕೊಂಡಿದ್ದ. ನನಗೆ ಅರ್ಥವಾಗಲು ಎಪ್ಪತ್ತು ವರ್ಷ ಮತ್ತು ಒಬ್ಬಳು ಮೊಮ್ಮಗಳು ಬೇಕಾಯಿತು.

ಈ ವಾರ ನಿಮಗೊಂದು ಸಣ್ಣ ಕೆಲಸ. ನಿಮ್ಮದು ಯಾವ ಧರ್ಮವಾದರೂ ಸರಿ. ಒಂದು ಕಾಗದದಲ್ಲಿ ಮನೆಯ ಎಲ್ಲರ ಹೆಸರು ಬರೆಯಿರಿ. ಮನೆಗೆಲಸಕ್ಕೆ ಬರುವ ಅಕ್ಕನ ಹೆಸರನ್ನೂ ಸೇರಿಸಿ. ನಾಯಿ, ಹಸು ಇದ್ದರೆ ಅವೂ ಇರಲಿ. ಪ್ರತಿಯೊಬ್ಬರ ಎದುರಿಗೆ ಅವರ ಭಾನುವಾರ ಯಾವತ್ತು ಎಂದು ಬರೆಯಿರಿ. ಯಾರ ಎದುರಿಗೆ ಬರೆಯಲು ಏನೂ ಸಿಗುವುದಿಲ್ಲವೋ ಅವರ ಒಂದು ಕೆಲಸವನ್ನು ನೀವು ವಹಿಸಿಕೊಳ್ಳಿ. ಅಜ್ಜಂದಿರೇ, ನೀವು ಮೊದಲು.

ಇದನ್ನು ಬರೆಯುತ್ತಿರುವುದು ಶನಿವಾರ ಸಂಜೆ. ಒಳಗೆ ಮಸಾಲೆ ಹುರಿಯುವ ವಾಸನೆ ಬರುತ್ತಿದೆ. “ಅಜ್ಜಾ, ಕಾಯಿ ಎಲ್ಲಿ?” ಎಂದು ಎರಡು ಸಲ ಕೂಗಿಯಾಯಿತು. ಇಲ್ಲಿಗೆ ನಿಲ್ಲಿಸುತ್ತೇನೆ. ತುರಿಯುವುದು ಇನ್ನೂ ಅರ್ಧ ಬಾಕಿ ಇದೆ.